ಮನೆಯಂಗಳದ ಹಕ್ಕಿಮನೆ



ಹಕ್ಕಿಗಳನ್ನು ಮನೆಯಲ್ಲಿರಿಸಿಕೊಂಡು ಅವುಗಳ ಚಲನವಲನಗಳನ್ನು ನೋಡಿ ಸಂತೋಷಪಡುವುದು ನಮ್ಮ ನಾಡಿಗೆ ಹೊಸತಾದ ಹವ್ಯಾಸವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳನ್ನು ವಿವರಿಸುವಾಗ ಪಾರಿವಾಳ, ಲಾವುಗೆ, ಹುಂಜ, ಗಿಡುಗ ಇವುಗಳಿಗೆಲ್ಲ ಸ್ಥಾನ ದೊರೆತಿದೆ. ಪಶ್ಚಿಮ ದೇಶದಲ್ಲಿಯೂ ಹೀಗೆಯೇ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ಪಂಡಿತ ವಾರೋ ಎಂಬಾತನು ಕೃಷಿಯ ಮೇಲೆ ಬರೆದ ಗ್ರಂಥದಲ್ಲಿ ತಾನು ಕಟ್ಟಿಸಿದ್ದ ಹಕ್ಕಿಮನೆಯೊಂದನ್ನು ಕಂಬ, ಬಲೆ, ನೀರಿನ ಕಾಲುವೆ ಸಹಿತವಾಗಿ ವರ್ಣಿಸಿದ್ದಾನೆ. ಅದೇ ಗ್ರಂಥದಲ್ಲಿ ಲುಕುಲ್ಲಸ್ ಎಂಬ ಧನಿಕನ ಸಂಗತಿಯೂ ಬರುತ್ತದೆ. ಈತನು ಹಕ್ಕಿಮನೆಯನ್ನೂ ಭೋಜನಶಾಲೆಯನ್ನೂ ಒಂದೇ ಸೂರಿನಡಿ ಕಟ್ಟಿಸಿದನಂತೆ. ತಟ್ಟೆಯಲ್ಲಿ ಬೆಂದ ಹಕ್ಕಿಗಳನ್ನು ಸವಿಯುತ್ತ, ಸುತ್ತಲೂ ಹಾರಾಡುವ ಜೀವಂತ ಹಕ್ಕಿಗಳನ್ನು ನೋಡಬೇಕೆಂಬುದು ಅವನ ಅಪೇಕ್ಷೆ. ಆದರೆ ಕಣ್ಣಿಗೆ ದೊರೆತ ಸುಖಕ್ಕಿಂತ ಮೂಗಿಗೆ ಬಡಿದ ದುರ್ವಾಸನೆಯೇ ಹೆಚ್ಚಾಯಿತೆಂದೂ, ಆ ಏರ್ಪಾಡು ನಿರುಪಯುಕ್ತವಾಯಿತೆಂದೂ ವಾರೋ ಹೇಳುತ್ತಾನೆ. ನೋಡುವವನ ಅನುಕೂಲವನ್ನು ಮಾತ್ರ ಎಣಿಸಿ ಕಟ್ಟಿದ ಹಕ್ಕಿಮನೆ ಕೊನೆಗೆ ನೋಡುವವನಿಗೂ ಸುಖ ಕೊಡಲಾರದೆಂಬುದಕ್ಕೆ ಇದು ಹಳೆಯ ದೃಷ್ಟಾಂತ.

ಇಂದು ನಾನು ಹೇಳಬೇಕೆಂದಿರುವುದು ದಾವಣಗೆರೆ ಮತ್ತು ಹರಿಹರದಂಥ ಊರುಗಳಲ್ಲಿ ಸಾಧಾರಣ ಗೃಹಸ್ಥನು ತನ್ನ ಅಂಗಳದಲ್ಲಿ ಕಟ್ಟಬಹುದಾದ ಹಕ್ಕಿಮನೆಯ ವಿಚಾರ. ಹತ್ತಿಯ ಗಿರಣಿಗಳಿಂದ ಹೆಸರಾದ ದಾವಣಗೆರೆಯು ಬರಬರುತ್ತ ವಿದ್ಯಾಲಯಗಳ ಊರಾಗಿ ಬೆಳೆದಿದೆ. ಬಡಾವಣೆಗಳಲ್ಲಿ ಮನೆಯ ಹಿಂದೆಯೋ ಪಕ್ಕದಲ್ಲಿಯೋ ಹತ್ತು ಹದಿನೈದು ಅಡಿಯ ಸ್ಥಳ ಉಳಿದಿರುವುದುಂಟು. ಮಕ್ಕಳ ಒತ್ತಾಯಕ್ಕೆ ಸಂತೆಯಿಂದ ಜೋಡಿ ಹಕ್ಕಿಗಳು ಬರುತ್ತವೆ. ಒಂದೂವರೆ ಅಡಿಯ ತಂತಿಯ ಪಂಜರವೂ ಜೊತೆಯಲ್ಲಿಯೇ ಬರುತ್ತದೆ. ಅದನ್ನು ಜಗುಲಿಯ ಮೊಳೆಗೆ ನೇತುಹಾಕಿದರೆ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆ ಪಂಜರದಲ್ಲಿ ಹಕ್ಕಿಯು ಒಂದು ಕೋಲಿನಿಂದ ಇನ್ನೊಂದು ಕೋಲಿಗೆ ಜಿಗಿಯಬಹುದೇ ಹೊರತು ಹಾರಲಾರದು. ಹಾರದ ಹಕ್ಕಿಗೆ ಕೊಬ್ಬು ಸೇರುತ್ತದೆ, ಯಕೃತ್ತು ಕೆಡುತ್ತದೆ. ಬೇಸರದಿಂದ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದೂ ಉಂಟು. ಆದಕಾರಣ ಹಕ್ಕಿಯನ್ನು ಸಾಕುವುದಾದರೆ ಅದರ ರೆಕ್ಕೆಯ ಅಳತೆಗೆ ತಕ್ಕ ಮನೆಯನ್ನು ಕಟ್ಟಿ ಸಾಕಬೇಕು, ಅದು ಸಾಧ್ಯವಿಲ್ಲದಿದ್ದರೆ ಸಾಕದೆ ಇರಬೇಕು ಎಂಬುದೇ ಈ ಭಾಷಣದ ತಾತ್ಪರ್ಯ.

ಕಟ್ಟುವ ಮಾತಿಗೆ ಮೊದಲು, ಯಾವ ಹಕ್ಕಿಯೆಂಬ ಪ್ರಶ್ನೆ ಏಳುತ್ತದೆ. ನಮ್ಮ ಜನಕ್ಕೆ ಪ್ರಿಯವಾದ ಪಂಜರದ ಹಕ್ಕಿಯೆಂದರೆ ಕೆಂಪು ಕೊರಳಪಟ್ಟಿಯ ಹಸಿರು ಗಿಳಿ. ಅದನ್ನಾಗಲಿ, ಗೊರವಂಕವನ್ನಾಗಲಿ, ರಾಟವಾಳ ಮುನಿಯಗಳನ್ನಾಗಲಿ ಹಿಡಿಯುವುದೂ ಮಾರುವುದೂ ಮನೆಯಲ್ಲಿರಿಸಿಕೊಳ್ಳುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ಕಾಯಿದೆಯ ಮಾತನ್ನು ಬದಿಗಿರಿಸಿ ನೋಡಿದರೂ ನ್ಯಾಯ ಅದೇ. ಗಿಳಿಯ ಮರಿಗಳನ್ನು ಮರದ ಪೊಟರೆಯಿಂದಲೂ ಹಳೆಯ ಗೋಡೆಗಳ ಬಿರುಕಿನಿಂದಲೂ ಎಳೆದು ತರುವಾಗ ಎಷ್ಟೋ ಮರಿಗಳು ದಾರಿಯಲ್ಲಿಯೇ ಸಾಯುತ್ತವೆ. ಪಂಜರದಲ್ಲಿ ಒಂದು ಮಾತನಾಡುವ ಗಿಳಿ ಇದೆಯೆಂದರೆ, ಅದರೊಡನೆ ಬಂದು ಉಳಿಯದೆ ಹೋದವುಗಳ ಲೆಕ್ಕ ನಮಗೆ ಕಾಣುವುದಿಲ್ಲ. 2015ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಹಕ್ಕಿದೆಯೆಂದೂ ಅವುಗಳನ್ನು ಚಿಕ್ಕ ಪಂಜರಗಳಲ್ಲಿ ಕೂಡಿಡಲು ಮನುಷ್ಯನಿಗೆ ಹಕ್ಕಿಲ್ಲವೆಂದೂ ಅಭಿಪ್ರಾಯಪಟ್ಟಿತು.

ಹಾಗಾದರೆ ಉಳಿದಿರುವುದು ತಲೆತಲಾಂತರದಿಂದ ಮನುಷ್ಯನ ಕೈಯಲ್ಲಿಯೇ ಮರಿಯಾಗುತ್ತ ಬಂದಿರುವ ಪರದೇಶದ ಸಣ್ಣ ಹಕ್ಕಿಗಳು. ಇವುಗಳಲ್ಲಿ ಮುಖ್ಯವಾದುದು ಬಡ್ಜರಿಗಾರ್. ನಮ್ಮ ಅಂಗಡಿಗಳಲ್ಲಿ ಇದನ್ನು ‘ಲವ್ ಬರ್ಡ್ಸ್’ ಎಂದು ಕರೆಯುವ ರೂಢಿಯಿದೆ, ಅದು ಸರಿಯಲ್ಲ. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಬಡ್ಜರಿಗಾರ್ ಆಸ್ಟ್ರೇಲಿಯದ ಒಳನಾಡಿನ ಹುಲ್ಲುಗಾವಲಿನದು. ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು 1840ರಲ್ಲಿ ಇದನ್ನು ಇಂಗ್ಲೆಂಡಿಗೆ ಜೀವಂತವಾಗಿ ತಂದನು. ಕಾಕಟೀಲ್ ಎಂಬ ಜುಟ್ಟಿನ ಗಿಳಿಯೂ ಜೀಬ್ರಾ ಫಿಂಚ್ ಎಂಬ ಪುಟ್ಟ ಕಾಳುಗುಬ್ಬಿಯೂ ಅದೇ ಖಂಡದವು. ಈ ಮೂರನ್ನೂ ಸಾಧುವಾದ ಸಂಸಾರಿಗಳೆನ್ನಬಹುದು. ಲವ್ ಬರ್ಡ್‌ಗಳು ಹಾಗಲ್ಲ, ಅನ್ಯ ಹಕ್ಕಿಗಳ ಕಾಲ್ಬೆರಳನ್ನು ಕಚ್ಚಿ ಗಾಯಮಾಡುತ್ತವೆ. ಅವನ್ನು ಪ್ರತ್ಯೇಕವಾಗಿಯೇ ಇಡಬೇಕು. ವಿದೇಶೀ ಹಕ್ಕಿಗಳಲ್ಲಿಯೂ ಅಂತರರಾಷ್ಟ್ರೀಯ ಸಂರಕ್ಷಣೆಯ ಪಟ್ಟಿಯಲ್ಲಿರುವವು ಅನೇಕ. ಅಂಥವನ್ನು ಇಟ್ಟುಕೊಂಡವರು 2024ರಲ್ಲಿ ಹೊರಟ ನಿಯಮಗಳ ಪ್ರಕಾರ ಸರ್ಕಾರಕ್ಕೆ ತಿಳಿಸಿ ನೋಂದಾಯಿಸತಕ್ಕದ್ದು. ಬಡ್ಜರಿಗಾರ್, ಕಾಕಟೀಲ್‌ಗಳು ಆ ಪಟ್ಟಿಯಲ್ಲಿಲ್ಲ. ಕೊಳ್ಳುವಾಗ ರಸೀತಿಯನ್ನು ಪಡೆಯುವುದು ಒಳ್ಳೆಯದು. ಅಂಗಡಿಯವನು ಢಾಳಾದ ವಿಚಿತ್ರ ಬಣ್ಣದ ಪುಟ್ಟ ಹಕ್ಕಿಗಳನ್ನು ತೋರಿಸಿದರೆ, ಅವು ಬಣ್ಣ ಬಳಿದ ನಮ್ಮ ಮುನಿಯಗಳೇ ಆಗಿರಬಹುದೆಂಬ ಎಚ್ಚರವಿರಲಿ.

ಇನ್ನು ಅಳತೆ. ಹಕ್ಕಿಯು ಮೇಲಕ್ಕೂ ಕೆಳಕ್ಕೂ ಹಾರುವುದು ಕಡಮೆ, ಉದ್ದಕ್ಕೆ ಹಾರುವುದು ಹೆಚ್ಚು. ಆದ್ದರಿಂದ ಎತ್ತರದ ಗೋಪುರದಂಥ ಪಂಜರಕ್ಕಿಂತ ನೀಳವಾದ ಕೋಣೆಯೇ ಮೇಲು. 12 ಅಡಿ ಉದ್ದ, 6 ಅಡಿ ಅಗಲ, 7 ಅಡಿ ಎತ್ತರದ ಮನೆಯಲ್ಲಿ ಹನ್ನೆರಡು ಬಡ್ಜರಿಗಾರ್‌ಗಳು ನೆಮ್ಮದಿಯಾಗಿ ಬಾಳಬಹುದು. ನಾವು ತಲೆಯೆತ್ತಿ ಒಳಗೆ ನಿಂತು ಗುಡಿಸುವುದಕ್ಕೂ ಆ ಎತ್ತರ ಸಾಲುತ್ತದೆ.

ಈ ಕೋಣೆಯನ್ನು ಯಾವ ದಿಕ್ಕಿಗೆ ನಿಲ್ಲಿಸಬೇಕು? ಇಂಗ್ಲಿಷ್ ಪುಸ್ತಕಗಳಲ್ಲಿ ಬಿಸಿಲು ಬೀಳುವಂತೆ ದಕ್ಷಿಣಕ್ಕೆ ಮುಖಮಾಡಿ ಕಟ್ಟಿರೆಂದು ಹೇಳಿರುತ್ತದೆ. ಅದು ಚಳಿಯ ದೇಶದ ಮಾತು. ದಾವಣಗೆರೆಯು ಭೂಮಧ್ಯರೇಖೆಯಿಂದ ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರಕ್ಕಿದೆ. ಏಪ್ರಿಲ್ ತಿಂಗಳ ಕೊನೆಯಲ್ಲಿ, ಎಂದರೆ ಬೇಸಗೆ ಕಡುವಾಗಿರುವ ಕಾಲದಲ್ಲಿಯೇ, ನಡುಹಗಲಿನ ಸೂರ್ಯನು ನೇರವಾಗಿ ನಮ್ಮ ನೆತ್ತಿಯ ಮೇಲಿರುತ್ತಾನೆ. ಆಗ ಯಾವ ಗೋಡೆಯೂ ನೆರಳು ಕೊಡಲಾರದು. ಮಾಡು ಮತ್ತು ಮರ ಇವೆರಡೇ ಕೊಡಬಲ್ಲವು. ಸಂಜೆಯ ಬಿಸಿಲು ಪಡುವಣದಿಂದ ಹೊಡೆಯುತ್ತದೆ. ಜೂನ್ ತಿಂಗಳಿಂದ ಮುಂಗಾರಿನ ಗಾಳಿಯೂ ಎರಚಲೂ ಪಡುವಣದಿಂದಲೇ ಬರುತ್ತವೆ. ಆದ್ದರಿಂದ ನಮ್ಮ ಸೀಮೆಯ ಹಕ್ಕಿಮನೆಯು ಪೂರ್ವ ಪಶ್ಚಿಮವಾಗಿ ಉದ್ದವಿರಲಿ. ಪಡುವಣ ತುದಿಯ ನಾಲ್ಕು ಅಡಿಗೆ ಇಟ್ಟಿಗೆಯ ಗೋಡೆಯನ್ನೂ ಭದ್ರವಾದ ಮಾಡನ್ನೂ ಕೊಟ್ಟು ಮಲಗುವ ಮನೆಯನ್ನಾಗಿ ಮಾಡಿ, ಉಳಿದ ಎಂಟು ಅಡಿಯನ್ನು ಮೂಡಣಕ್ಕೆ ತಂತಿಬಲೆಯ ಬಯಲಾಗಿ ಬಿಡತಕ್ಕದ್ದು. ಬೆಳಗಿನ ಎಳೆಬಿಸಿಲು ಒಳಗೆ ಬರುವುದು. ಮಧ್ಯಾಹ್ನದ ಕೆಂಡ ಹೊರಗೆ ಉಳಿಯುವುದು. ಹತ್ತಿರದಲ್ಲಿ ಒಂದು ಹೊಂಗೆಯ ಮರವಿದ್ದರಂತೂ ಭಾಗ್ಯವೇ ಸರಿ. ಬೇಸಗೆಯ ಮೊದಲಲ್ಲಿಯೇ ಅದು ಹೊಸ ಚಿಗುರನ್ನು ತಳೆದು, ನೆರಳು ಬೇಕಾದ ಕಾಲಕ್ಕೆ ಸಿದ್ಧವಾಗಿರುತ್ತದೆ.

ಮಾಡಿಗೆ ಬರಿಯ ತಗಡನ್ನು ಹೊದಿಸುವುದು ಹಕ್ಕಿಗಳನ್ನು ಬಾಣಲೆಯಲ್ಲಿಟ್ಟಂತೆ. ಮಂಗಳೂರು ಹೆಂಚು ಲೇಸು. ಅದರ ಕೆಳಗೆ ಒಂದು ಚಾಪೆಯ ಹಾಸನ್ನು ಕೊಟ್ಟರೆ ಇನ್ನೂ ಲೇಸು. ಬಲೆಯ ಭಾಗದ ಮೇಲೆಯೂ ಅರ್ಧದಷ್ಟಕ್ಕಾದರೂ ತೆಂಗಿನ ಸೋಗೆಯನ್ನು ಹೊದಿಸಬೇಕು. “ಬಡ್ಜರಿಗಾರ್ ಮರುಭೂಮಿಯ ಹಕ್ಕಿ, ದಾವಣಗೆರೆಯ ಬಿಸಿಲು ಅದಕ್ಕೇನು ಮಹಾ?” ಎಂದು ಕೆಲವರು ವಾದಿಸುವುದುಂಟು. 2009ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ಉಷ್ಣತೆಯು 45 ಡಿಗ್ರಿ ಸೆಂಟಿಗ್ರೇಡನ್ನು ಮೀರಿದಾಗ ಸಾವಿರಾರು ಬಡ್ಜರಿಗಾರ್‌ಗಳೂ ಜೀಬ್ರಾ ಫಿಂಚ್‌ಗಳೂ ಸತ್ತು ಬಿದ್ದುವು. ತವರಿನಲ್ಲಿ, ರೆಕ್ಕೆ ಬಿಚ್ಚಿ ನೆರಳನ್ನೂ ನೀರನ್ನೂ ಅರಸಿ ಹೋಗುವ ಸ್ವಾತಂತ್ರ್ಯವಿದ್ದ ಹಕ್ಕಿಗಳ ಪಾಡೇ ಇದು. ನಮ್ಮ ಬಲೆಯೊಳಗಿರುವ ಹಕ್ಕಿಗೆ ನಾವು ಒದಗಿಸಿದ ನೆರಳಲ್ಲದೆ ಬೇರೆ ನೆರಳಿಲ್ಲ. ಹಕ್ಕಿಗೆ ಬೆವರುವುದಿಲ್ಲ, ಅದು ಬಾಯಿ ತೆರೆದು ಏದುತ್ತ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಕುಳಿತಿದ್ದರೆ ಅಪಾಯವು ಸಮೀಪಿಸಿದೆಯೆಂದು ತಿಳಿಯಬೇಕು. ಮಾರ್ಚಿಯಿಂದ ಮೇ ವರೆಗೆ ಪಡುವಣ ಗೋಡೆಗೆ ಒದ್ದೆ ಗೋಣಿಯನ್ನು ಇಳಿಬಿಡುವುದು, ನಡುಹಗಲಿನಲ್ಲಿ ಸೋಗೆಗೆ ನೀರು ಚಿಮುಕಿಸುವುದು, ಮಣ್ಣಿನ ಅಗಲ ಬಟ್ಟಲಲ್ಲಿ ಸ್ನಾನಕ್ಕೆ ನೀರಿಡುವುದು ಇವು ತಪ್ಪಬಾರದು. ಮಾಳಿಗೆಯ ಮೇಲೆ ಹಕ್ಕಿಮನೆ ಕಟ್ಟುವವರು ಕಾಂಕ್ರೀಟಿನ ಕಾವು ಸೂರ್ಯಾಸ್ತದ ಮೇಲೆಯೂ ಆರುವುದಿಲ್ಲವೆಂಬುದನ್ನು ನೆನಪಿಡಬೇಕು.

ತಳಪಾಯದ ವಿಷಯದಲ್ಲಿ ನಮ್ಮ ಸೀಮೆಗೆ ವಿಶೇಷವಾದ ತೊಡಕೊಂದುಂಟು. ದಾವಣಗೆರೆಯ ಸುತ್ತ ಅನೇಕ ಕಡೆ ಹತ್ತಿ ಬೆಳೆಯುವ ಕರಿಮಣ್ಣಿದೆ. ಅದು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಾಯಿ ಬಿಡುತ್ತದೆ. ಅದರ ಮೇಲೆ ಹಗುರಾಗಿ ಕಟ್ಟಿದ ಗೋಡೆ ಬಿರಿಯುತ್ತದೆ. ಬಿರುಕಿನಲ್ಲಿ ಇಲಿಯೂ, ಇಲಿಯ ಬೆನ್ನಟ್ಟಿ ಹಾವೂ ಬರುತ್ತವೆ. ಅಂಥ ನೆಲದಲ್ಲಿ ಎರಡೂವರೆ ಅಡಿ ಅಗೆದು ಕರಿಮಣ್ಣನ್ನು ತೆಗೆದು, ಗರಸನ್ನು ತುಂಬಿ ದಮ್ಮಸು ಮಾಡಿ ಅದರ ಮೇಲೆ ಕಲ್ಲಿನ ಪಾಯವನ್ನು ಹಾಕತಕ್ಕದ್ದು. ಹರಿಹರದಲ್ಲಿ ತುಂಗಭದ್ರೆಯ ದಡದ ತಗ್ಗಿನಲ್ಲಿ ಮನೆಯುಳ್ಳವರು ಮಳೆಗಾಲದ ನೀರು ನಿಲ್ಲದಂತೆ ಜಗತಿಯನ್ನು ಒಂದು ಅಡಿ ಹೆಚ್ಚಾಗಿಯೇ ಎತ್ತರಿಸುವುದು ಕ್ಷೇಮ. ನೆಲಕ್ಕೆ ಸಿಮೆಂಟಿನ ಗಾರೆಯನ್ನು ಹಾಕಿ ಒಂದು ಮೂಲೆಗೆ ಇಳಿಜಾರು ಕೊಟ್ಟರೆ ತೊಳೆಯುವುದು ಸುಲಭ. ಪಾಯದ ಹೊರಮಗ್ಗುಲಲ್ಲಿ ತಂತಿಬಲೆಯನ್ನು ಒಂದೂವರೆ ಅಡಿ ಆಳಕ್ಕೆ ಇಳಿಸಿ, ತುದಿಯನ್ನು ಹೊರಕ್ಕೆ ಮಡಿಸಿ ಹೂಳಬೇಕು. ತೋಡುತ್ತ ಬರುವ ಹೆಗ್ಗಣವೂ ಮುಂಗುಸಿಯೂ ಅಲ್ಲಿ ತಡೆದು ನಿಲ್ಲುತ್ತವೆ.

ಚೌಕಟ್ಟಿಗೆ ಕಬ್ಬಿಣವೇ ಯೋಗ್ಯ. ಮರವಾದರೆ ಗಿಳಿಯ ಜಾತಿಯ ಹಕ್ಕಿಗಳು ಅದನ್ನು ಕಡಿದು ಪುಡಿಮಾಡುತ್ತವೆ. ಬಲೆಯ ಕಣ್ಣು ಅರ್ಧ ಅಂಗುಲಕ್ಕೆ ಮೀರಬಾರದು. ಕೆಳಗಿನ ಎರಡು ಅಡಿಗೆ ಕಾಲು ಅಂಗುಲದ ಬಲೆಯಾದರೆ ಚಿಕ್ಕ ಇಲಿಯೂ ನುಸುಳಲಾರದು. ಸತುವಿನ ಲೇಪವುಳ್ಳ ಹೊಸ ತಂತಿಯ ಮೇಲೆ ಬಿಳಿಯ ಪುಡಿಯೂ ಸತುವಿನ ಹನಿಗಳೂ ಅಂಟಿಕೊಂಡಿರುತ್ತವೆ. ಬಲೆಯನ್ನು ಕೊಕ್ಕಿನಿಂದ ಹಿಡಿದು ಹತ್ತುವ ಗಿಳಿಜಾತಿಗೆ ಅದು ವಿಷ. ಬಲೆಯನ್ನು ವಿನಿಗರ್ ಹಚ್ಚಿದ ಕುಂಚದಿಂದ ಉಜ್ಜಿ ತೊಳೆದು, ಕೆಲವು ವಾರ ಗಾಳಿಮಳೆಗೆ ಬಿಟ್ಟು ಆಮೇಲೆ ಬಳಸಬೇಕು. ಬಲೆಯನ್ನು ಎರಡು ಪದರವಾಗಿ, ನಡುವೆ ಎರಡು ಅಂಗುಲ ಬಿಟ್ಟು ಹೊಡೆಯುವುದು ಇನ್ನೂ ಉತ್ತಮ. ಬಿಜ್ಜು ಎಂಬ ಸಣ್ಣ ಡೇಗೆಯೂ ನೆರೆಮನೆಯ ಬೆಕ್ಕೂ ಒಂದೇ ಪದರದ ಬಲೆಗೆ ಅಂಟಿದ ಹಕ್ಕಿಯ ಕಾಲನ್ನು ಹೊರಗಿನಿಂದಲೇ ಹಿಡಿದೆಳೆಯಬಲ್ಲವು.

ಬಾಗಿಲು ಒಂದಿದ್ದರೆ ಸಾಲದು, ಎರಡು ಬೇಕು. ಹೊರಬಾಗಿಲಿಗೂ ಒಳಬಾಗಿಲಿಗೂ ನಡುವೆ ಮೂರು ಅಡಿ ಚೌಕದ ಬಲೆಯ ಮೊಗಸಾಲೆ ಇರಲಿ. ಹೊರಗಿನದನ್ನು ಮುಚ್ಚಿದ ಮೇಲೆಯೇ ಒಳಗಿನದನ್ನು ತೆರೆಯುವ ನಿಯಮವನ್ನು ಮನೆಯ ಚಿಕ್ಕ ಮಗುವಿಗೂ ಕಲಿಸಬೇಕು. ಒಳಬಾಗಿಲು ಗಿಡ್ಡದಾಗಿರಲಿ. ಬೆದರಿದ ಹಕ್ಕಿ ಮೇಲಕ್ಕೆ ಹಾರುವುದರಿಂದ ಗಿಡ್ಡ ಬಾಗಿಲಿನಿಂದ ಹೊರಬೀಳುವುದು ಅಪರೂಪ. ಕುಳಿತುಕೊಳ್ಳುವುದಕ್ಕೆ ನುಣುಪಾದ ಒಂದೇ ಗಾತ್ರದ ಕೋಲುಗಳು ಬೇಡ. ಸೀಬೆ, ಬೇವು ಮೊದಲಾದವುಗಳ ದಪ್ಪ ತೆಳ್ಳನೆಯ ಕೊಂಬೆಗಳು ಪಾದಕ್ಕೆ ಹಿತ. ಅವನ್ನು ಎರಡು ತುದಿಗಳಲ್ಲಿ ಮಾತ್ರ ಕಟ್ಟಿ ನಡುವಣ ಹಾದಿಯನ್ನು ಹಾರಾಟಕ್ಕೆ ಬಿಡಿ. ಇರುಳಲ್ಲಿ ಹಕ್ಕಿಗಳು ಎಲ್ಲಕ್ಕಿಂತ ಎತ್ತರದ ಕೊಂಬೆಯನ್ನೇ ಆರಿಸಿಕೊಳ್ಳುವುದರಿಂದ, ಆ ಕೊಂಬೆಯು ಮಲಗುವ ಮನೆಯಲ್ಲಿರುವಂತೆ ನೋಡಿಕೊಳ್ಳಬೇಕು.

ಆಹಾರಕ್ಕೆ ನಾವು ದೂರ ಹೋಗಬೇಕಾದದ್ದಿಲ್ಲ. ಬಯಲುಸೀಮೆಯ ನವಣೆ, ಸಾಮೆ, ಬರಗು, ಸಜ್ಜೆಗಳೇ ಈ ಪರದೇಶಿಗಳಿಗೆ ಮೃಷ್ಟಾನ್ನ. ಬರಿಯ ಕಾಳು ಸಾಲದು. ನುಗ್ಗೆಯ ಸೊಪ್ಪು, ಹರಿವೆ, ಕೊತ್ತಂಬರಿ ದಿನವೂ ಇರಲಿ, ಸುಣ್ಣದಂಶಕ್ಕಾಗಿ ಸಮುದ್ರನೊರೆಯ ತುಂಡೊಂದು ತೂಗುತ್ತಿರಲಿ. ದಾವಣಗೆರೆಯ ಬೆಣ್ಣೆದೋಸೆಯೂ ಖಾರದ ಮಂಡಕ್ಕಿಯೂ ಎಷ್ಟೇ ಪ್ರಸಿದ್ಧವಾಗಿದ್ದರೂ ಅವು ನಮಗೇ ಇರಲಿ. ಎಣ್ಣೆ ಉಪ್ಪುಗಳು ಹಕ್ಕಿಗೆ ಹಾನಿಕರ, ಬೆಣ್ಣೆಹಣ್ಣಂತೂ ಮಾರಕ. ಹೊಸದಾಗಿ ತಂದ ಹಕ್ಕಿಯನ್ನು ಒಂದು ತಿಂಗಳು ಬೇರೆಯಾಗಿರಿಸಿ ಆರೋಗ್ಯವನ್ನು ಪರೀಕ್ಷಿಸಿ ಆಮೇಲೆ ಗುಂಪಿಗೆ ಸೇರಿಸಬೇಕು. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಸಾಗಿಸಿದ ಗಿಳಿಗಳ ಮೂಲಕ ಸಿಟಕೋಸಿಸ್ ಎಂಬ ಜ್ವರವು ಯೂರೋಪು ಅಮೆರಿಕಗಳ ಮನೆಮನೆಗಳಿಗೆ ಹಬ್ಬಿ ಅನೇಕರು ಪ್ರಾಣ ಕಳೆದುಕೊಂಡರು. ಇಂದು ಅದಕ್ಕೆ ಔಷಧವುಂಟು. ಆದರೂ ಒಣಗಿದ ಹಿಕ್ಕೆಯನ್ನು ಹಾಗೆಯೇ ಗುಡಿಸಿ ದೂಳೆಬ್ಬಿಸದೆ, ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ ತೆಗೆಯುವುದು ವಿವೇಕ. ದೀಪಾವಳಿಯ ಪಟಾಕಿಯ ಹೊಗೆಯೂ ಸದ್ದೂ ಹಕ್ಕಿಗಳಿಗೆ ಒಂದು ಉಪದ್ರವ. ಆ ರಾತ್ರಿಗಳಲ್ಲಿ ಅವನ್ನು ಮಲಗುವ ಮನೆಯೊಳಗೆ ಸೇರಿಸಿ ಮಂದವಾದ ದೀಪವನ್ನಿಡಿ.

ಬಡ್ಜರಿಗಾರ್‌ಗಳಿಗೆ ಗೂಡಿನ ಮಡಕೆಯನ್ನು ಕಟ್ಟಿಕೊಟ್ಟರೆ ಸಾಕು, ಮೊಟ್ಟೆಯಿಡತೊಡಗುತ್ತವೆ. ಒಂದು ಸಲಕ್ಕೆ ನಾಲ್ಕರಿಂದ ಆರು ಮೊಟ್ಟೆ, ಸುಮಾರು 18 ದಿನಗಳ ಕಾವು. ಮಡಕೆಯನ್ನು ವರ್ಷವಿಡೀ ಬಿಟ್ಟರೆ ತಾಯಿಹಕ್ಕಿ ಸೊರಗುತ್ತದೆ, ಹನ್ನೆರಡು ಹಕ್ಕಿಯ ಮನೆಯಲ್ಲಿ ಐವತ್ತಾಗುತ್ತವೆ. ಮಡಕೆಯನ್ನು ಕಟ್ಟುವ ಮೊದಲು ಮರಿಗಳಿಗೆ ಮನೆಯೆಲ್ಲಿ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು.

ಮನೆಗಳಲ್ಲಿ ಯಾರೂ ಮೊದಲೇ ಎಣಿಸದ ಲೆಕ್ಕವೊಂದಿದೆ. ಬಡ್ಜರಿಗಾರ್ ಐದರಿಂದ ಎಂಟು ವರ್ಷ, ಕಾಕಟೀಲ್ ಹದಿನೈದು ಇಪ್ಪತ್ತು ವರ್ಷ ಬದುಕುವ ಜೀವ. ಎಂಟು ವರ್ಷದ ಮಗಳು ಹಟಹಿಡಿದು ತರಿಸಿದ ಕಾಕಟೀಲ್, ಅವಳು ಪದವಿ ಮುಗಿಸಿ ಬೆಂಗಳೂರಿಗೆ ಹೊರಟ ಮೇಲೆಯೂ ಅಂಗಳದಲ್ಲಿಯೇ ಇರುತ್ತದೆ. ಅಂದು ನೀರು ಬದಲಿಸುವವರು ಯಾರು? ಬೇಸಗೆಯ ರಜೆಗೆ ಮನೆಯವರೆಲ್ಲ ಊರಿಗೆ ಹೊರಟಾಗ ಗೋಣಿ ತೋಯಿಸುವವರು ಯಾರು? ಉತ್ತರ ದೊರೆಯದಿದ್ದರೆ ಕೆಲವರು “ಪುಣ್ಯ ಬರಲಿ” ಎಂದು ಬಾಗಿಲು ತೆರೆದು ಹಾರಿಬಿಡುತ್ತಾರೆ. ಅದು ಪುಣ್ಯವಲ್ಲ. ಬಟ್ಟಲಿನ ಕಾಳನ್ನಲ್ಲದೆ ಬೇರೆ ಆಹಾರವನ್ನರಿಯದ ಹಕ್ಕಿ ಒಂದೆರಡು ದಿನಗಳಲ್ಲಿ ಹಸಿವಿಗೋ ಕಾಗೆಗೋ ಬಲಿಯಾಗುತ್ತದೆ. ಆದಕಾರಣ ತಂತಿಬಲೆಗೆ ಹಣ ಕೊಡುವ ಮೊದಲೇ, ಮನೆಯ ಹಿರಿಯರಲ್ಲಿ ಒಬ್ಬರಾದರೂ ಈ ಭಾರ ತಮ್ಮದೆಂದು ಒಪ್ಪಿರಬೇಕು.

ಇಷ್ಟು ಸ್ಥಳವಾಗಲಿ ವ್ಯವಧಾನವಾಗಲಿ ಇಲ್ಲದವರು ಪಕ್ಷಿಸಂಗದಿಂದ ವಂಚಿತರಾಗಬೇಕೆಂದು ನನ್ನ ಅಭಿಪ್ರಾಯವಲ್ಲ. ಸಲೀಂ ಅಲಿಯವರು ಆಗಿನ ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷಿಸಿ 1942-43ರಲ್ಲಿ ಪ್ರಕಟಿಸಿದ ಲೇಖನಮಾಲೆಯನ್ನು ನೋಡಿದರೆ, ನಮ್ಮ ಸುತ್ತಲಿನ ಸಂಪತ್ತು ಎಷ್ಟೆಂದು ತಿಳಿದೀತು. ಭದ್ರಾ ನಾಲೆಯ ಗದ್ದೆಗಳ ಅಂಚಿನ ಈಚಲು ಮರಗಳಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗೀಜಗವು ನೇಯುವ ಗೂಡನ್ನು ಒಂದು ಗಂಟೆ ಕುಳಿತು ನೋಡಿದವನು ಪಂಜರವನ್ನು ಬಯಸುವುದು ಕಡಮೆ. ದಾವಣಗೆರೆಯ ಕುಂದವಾಡದ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆದುಬಂದರೂ ಸಾಕು. ಮನೆಯಂಗಳದಲ್ಲಿ ನೆರಳಿನ ಕೆಳಗೆ ಎರಡು ಅಂಗುಲ ಆಳದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಬೆಕ್ಕು ಅಡಗುವ ಪೊದೆಯಿಂದ ಅದನ್ನು ದೂರವಿರಿಸಿ, ದಿನವೂ ತೊಳೆದು ತುಂಬಿದರೆ ಪಿಕಳಾರ, ಸೂರಕ್ಕಿ, ಮಡಿವಾಳ, ಗುಬ್ಬಿ ಇವೆಲ್ಲವೂ ತಾವಾಗಿಯೇ ಬರುತ್ತವೆ. ಅದಕ್ಕೆ ಕಾಯಿದೆಯ ಅಡ್ಡಿಯಿಲ್ಲ, ತಂತಿಯ ಖರ್ಚಿಲ್ಲ.

ಶ್ರೋತೃಗಳಲ್ಲಿ ಯಾರಾದರೂ ಈ ವರ್ಷ ಹಕ್ಕಿಮನೆ ಕಟ್ಟುವ ಯೋಚನೆಯಲ್ಲಿದ್ದರೆ ಒಂದು ಸೂಚನೆಯನ್ನು ಕೊಟ್ಟು ಮುಗಿಸುತ್ತೇನೆ. ಮುಂಗಾರು ಕಳೆದ ಮೇಲೆ ನೆಲ ಗಟ್ಟಿಯಾದಾಗ ಕೆಲಸವನ್ನಾರಂಭಿಸಿ. ಮನೆಯನ್ನು ಪೂರ್ತಿ ಕಟ್ಟಿದ ಮೇಲೆಯೂ ಹಕ್ಕಿ ತರದೆ ಒಂದು ಬೇಸಗೆ ಕಳೆಯಲಿ. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಎರಡು ಗಂಟೆಗೆ ಬಾಗಿಲು ಹಾಕಿಕೊಂಡು ನೀವೇ ಅದರೊಳಗೆ ಅರ್ಧ ಗಂಟೆ ಕುಳಿತುನೋಡಿ. ನಿಮಗೆ ಅಲ್ಲಿ ಕುಳಿತಿರುವುದು ಸಾಧ್ಯವಾದರೆ ಹಕ್ಕಿಗಳನ್ನು ತರಬಹುದು. ಸಾಧ್ಯವಾಗದಿದ್ದರೆ ಮಾಡಿನ ಕೆಲಸ ಇನ್ನೂ ಬಾಕಿಯಿದೆ.